ರಶ್ಮಿತಾ ಸರಿಪಡಿಸಿದ ಗೆರೆ

"ಈ ಅಂಕಿ ನಂಬಬ್ಯಾಡ್ರಿ ಸರ್... ಮಷೀನ್ ತಪ್ಪು ಅಳದೈತೆ."

ಡಾಕ್ಟರ್ ಬಕ್ಕೇಶ್ ತಲೆಯೆತ್ತಿದ. ದಾವಣಗೆರೆಯ ಆ ಕಣ್ಣಿನ ಆಸ್ಪತ್ರೆಗೆ ಅವನು ಬಂದು ತಿಂಗಳಾಗಿತ್ತು. ಸ್ಕ್ಯಾನ್ ತೆಗೆಯುವ ರಶ್ಮಿತಾ ಅವನೊಡನೆ ಮಾತಾಡಿದ್ದು ಇದೇ ಮೊದಲು. ಆದರೂ ಅವಳು ಕಣ್ಣು ತಗ್ಗಿಸಲಿಲ್ಲ.

ರೋಗಿ ಸುಧಾ, ಗುತ್ತೂರಿನ ಫ್ಯಾಕ್ಟರಿಯೊಂದರಲ್ಲಿ ದುಡಿಯುವವಳು. ಅವಳ ಕಣ್ಣಿನ ನರ ಊದಿಕೊಂಡಿತ್ತು. ಹೋದ ವಾರಕ್ಕಿಂತ ಊತ ಇಳಿದಿದೆ ಎಂದು ಯಂತ್ರ ವರದಿ ಕೊಟ್ಟಿತ್ತು. ಬಕ್ಕೇಶ್ ಮೊದಲಿನ ಮಾತ್ರೆಯನ್ನೇ ಬರೆದು ಮನೆಗೆ ಕಳಿಸುವವನಿದ್ದ. ಆದರೆ ಬಗ್ಗಿದರೆ ಸಾಕು, ಸುಧಾಳಿಗೆ ಕಣ್ಣು ಕತ್ತಲೆ ಬರುತ್ತಿತ್ತು.

ಊತ ಇಳಿದಿದ್ದರೆ ಹೀಗೇಕೆ?

ರಶ್ಮಿತಾ ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದಳು. ನರದ ಪದರದ ಕೆಳ ಅಂಚಿನಲ್ಲಿರಬೇಕಾದ ಗೆರೆಯನ್ನು ಯಂತ್ರ ಪದರದ ನಡುವೆಯೇ ಎಳೆದುಬಿಟ್ಟಿತ್ತು. ಊತ ವಿಪರೀತವಾದಾಗ ಯಂತ್ರಕ್ಕೆ ಅಂಚು ಸಿಗುತ್ತಿರಲಿಲ್ಲ; ಹಾಗಾಗಿ ಪದರದ ದಪ್ಪ ಕಡಿಮೆ ಬಂದಿತ್ತು. ಅವಳು ಕೈಯಾರೆ ಗೆರೆ ಸರಿಪಡಿಸಿ ಅಳೆದಳು. ಊತ ಇಳಿದಿರಲಿಲ್ಲ... ಏರಿತ್ತು.

ಬಕ್ಕೇಶ್ ಫೈಲ್ ಎತ್ತಿಕೊಂಡು ಸರಸರನೆ ಹೊರಟುಹೋದ.

ಮರುದಿನ ಅವಳ ಕುರ್ಚಿಯಲ್ಲಿ ಬೇರೊಬ್ಬರು ಕೂತಿದ್ದರು. ಅವಳ ಬಗ್ಗೆ ಬಕ್ಕೇಶ್ ಹಿರಿಯ ವೈದ್ಯೆ ಉಮಾಮಹೇಶ್ವರಿಯವರಿಗೆ ಪತ್ರ ಬರೆದಿದ್ದಾನೆಂದು ಯಾರೋ ಅಂದರು. ರಶ್ಮಿತಾ ಫೋನ್ ಆಫ್ ಮಾಡಿ, ಹರಿಹರದ ಮನೆ ಸೇರಿ ಬಿಕ್ಕಿದಳು.

'ಅವನ ದನಿ ಕೇಳಿದರೆ ಸಾಕು, ತಿರುಗಿ ನೋಡುತ್ತಿದ್ದೆನಲ್ಲ... ಅವನೇ ದೂರು ಕೊಟ್ಟನೇ?'

ಮೂರನೇ ದಿನ ಬಕ್ಕೇಶ್ ಮನೆಗೇ ಬಂದ. ಅವಳ ತಾಯಿ ನಿರ್ಮಲಮ್ಮ, "ಬರ್ರಿ, ಕೂಡ್ರಿ" ಎಂದರು. ಅವನು ಕೂರಲಿಲ್ಲ. ಅವಳು ಗೆರೆ ಸರಿಪಡಿಸಿದ ದಿನವೇ ಸುಧಾಳ ಮೆದುಳಿನ ಸ್ಕ್ಯಾನ್ ಮಾಡಿಸಿದ್ದನ್ನೂ, ಅಲ್ಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದೇ ಊತಕ್ಕೆ ಕಾರಣವೆಂದು ಗೊತ್ತಾಗಿ ಚಿಕಿತ್ಸೆ ಶುರುವಾಗಿದ್ದನ್ನೂ ಹೇಳಿದ. ಆಮೇಲೆ ಪತ್ರದ ಪ್ರತಿಯನ್ನು ಅವಳ ಕೈಗಿಟ್ಟ.

'ತಪ್ಪು ನನ್ನದು. ನರ ಊದಿದವರ ಯಾವ ಸ್ಕ್ಯಾನ್ ಆದರೂ ರಶ್ಮಿತಾ ಪರೀಕ್ಷಿಸಿದ ಮೇಲೆಯೇ ವರದಿ ಹೋಗಲಿ.'

ಉಮಾಮಹೇಶ್ವರಿಯವರು ಒಪ್ಪಿದ್ದರು. ಪರೀಕ್ಷಿಸುವ ಹೊಣೆ ಇನ್ನು ಅವಳದು. ಅದಕ್ಕೇ ಆ ಕುರ್ಚಿಗೆ ಬೇರೊಬ್ಬರು ಬಂದಿದ್ದರು. ರಶ್ಮಿತಾಳ ಕಣ್ಣು ಮತ್ತೆ ತುಂಬಿತು, ಈ ಸಲ ನಗುತ್ತಲೇ.

ಮೂರು ತಿಂಗಳು ಇಬ್ಬರೂ ಅಕ್ಕಪಕ್ಕ ಕೂತು ದುಡಿದರು, ಒಂದೇ ಬುತ್ತಿ ಹಂಚಿಕೊಂಡು ಉಂಡರು. ಕೊನೆಗೊಂದು ಬೆಳಿಗ್ಗೆ ಸುಧಾ ಗೋಡೆಯ ಮೇಲಿನ ಅಕ್ಷರಗಳನ್ನು ಕಟ್ಟಕಡೆಯ ಸಾಲಿನವರೆಗೂ ಓದಿದಳು. ನಾಳೆಯಿಂದಲೇ ಫ್ಯಾಕ್ಟರಿಗೆ ಹೋಗುವುದಾಗಿ ಹೇಳಿ, ರಶ್ಮಿತಾಳನ್ನು ತಬ್ಬಿಕೊಂಡು ಹೊರಟಳು.

ಕೋಣೆಯಲ್ಲಿ ಉಳಿದವರು ಇಬ್ಬರೇ.

"ನಿಮ್ಮ ಅವ್ವಾರನ್ನ ಒಂದ್ಮಾತು ಕೇಳಬೇಕು ಅಂತಿದೀನಿ..." ಬಕ್ಕೇಶ್ ಕುರ್ಚಿಯನ್ನು ಅವಳತ್ತ ತಿರುಗಿಸಿದ.

"ಮೊದ್ಲು ನನ್ನ ಕೇಳ್ರಿ."

"ನನ್ನ ಮದ್ವಿ ಆಗ್ತೀರಾ, ರಶ್ಮಿತಾ?"

ಅವಳು ಅವನ ಕೈ ಹಿಡಿದುಕೊಂಡಳು.

"ಹೂಂ... ಇವತ್ತೇ ಬರ್ರಿ ಮನಿಗೆ."