ತಿಮ್ಮಣ್ಣನ ತೋಟದ ಸುರಗಿ ಫೋಟೋ

ಉಡಚಮ್ಮ ಮೊರದಲ್ಲಿ ಜೋಳ ಕೇರುತ್ತಿದ್ದಳು. ಕೇರಿದ್ದರಲ್ಲಿ ಕಲ್ಲು ಆರಿಸುವ ಕೆಲಸ ಇಮಾಮಬಾನುವಿನದು. ಗಂಗಾವತಿಯ ಆ ಮನೆಯಲ್ಲಿ ಓಣಿಯ ಕಡೆಗಿನ ಕೋಣೆ ಬಾನುವಿನ ಫೋಟೋ ಸ್ಟುಡಿಯೋ, ಹಿಂದಿನ ಪಡಸಾಲೆ ಉಡಚಮ್ಮನ ವಾಸ. ಹದಿನೇಳು ದಿನದಿಂದ ಸ್ಟುಡಿಯೋದ ಬಾಗಿಲು ಅರ್ಧವೇ ತೆರೆದಿರುತ್ತಿತ್ತು. ಬಾನುವಿಗೆ ಸಿಟ್ಟು ಬರುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ. ಕಲ್ಲು ಸಿಕ್ಕರೆ ತೆಗೆದು ಬದಿಗೆ ಇಡುತ್ತಿದ್ದಳು, ಅಷ್ಟೆ.

“ಬಾನೂ, ಈಗ ನೀ ಒಗದದ್ದು ಕಲ್ಲಲ್ಲ, ಜೋಳ,” ಎಂದಳು ಉಡಚಮ್ಮ.

“ಹೌದೇನ್ರಿ?” ಎಂದು ಬಾನು ಇನ್ನೊಂದು ಕಾಳನ್ನೂ ಒಗೆದಳು.

ಬಾಗಿಲಲ್ಲಿ ನೆರಳು ಬಿತ್ತು. ಕೈಯ ಮೆಹಂದಿ ಇನ್ನೂ ಪೂರ್ತಿ ಮಾಸದ ಹುಡುಗಿ. ಕನಕಗಿರಿಯ ದಲಾಲಿ ವ್ಯಾಪಾರಿ ಉಮಾಪತಿಯವರ ಮಗಳು ಸುರೇಖಾ. ಹದಿನೇಳು ದಿನದ ಹಿಂದೆ ಬಾನು ಫೋಟೋ ತೆಗೆದದ್ದು ಇವಳ ಮದುವೆಯದೇ.

“ಅಕ್ಕಾ, ಜಗಳಕ್ಕ ಬಂದಿಲ್ಲ,” ಎಂದಳು ನಿಂತಲ್ಲೇ. “ನಮ್ಮ ಮುದಕಮ್ಮಜ್ಜಿ ತೀರಿ ಎಂಟು ದಿನ ಆತು. ನಾಡಿದ್ದು ಅಕಿ ದಿನದ ಪೂಜಿ ಐತಿ. ಗ್ವಾಡಿಗೆ ಹಾಕಾಕ ಒಂದು ಫೋಟೋ ಇಲ್ಲ. ಮೊಬೈಲ್ ಹಿಡದ್ರ ಸೆರಗು ಮುಂದ ಮಾಡ್ತಿದ್ಲು. ಆಧಾರ್ ಕಾರ್ಡಿನಾಗ ನೋಡಿದ್ರ ಕಳ್ಳೀ ಹಂಗ ಅದಾಳ. ಜೀವಮಾನದಾಗ ಅಕಿ ಹೂಂ ಅಂದು ತಗಸಿಕೊಂಡದ್ದು ನಿನ್ನ ಕಡೆ, ಸುರಗಿ ದಿನ. ಅದೊಂದು ಹುಡುಕಿಕೊಡು.”

ಸುರಗಿ ಶಾಸ್ತ್ರದ ಫೋಟೋಗಳಿದ್ದ ಮೆಮೊರಿ ಕಾರ್ಡು ಅಂದೇ ಕಳೆದುಹೋಗಿತ್ತು. ಹಳೆಯ ಕ್ಯಾಮೆರಾ, ಒಂದೇ ಕಾರ್ಡು ಹಿಡಿಯುವಂಥದ್ದು, ನಕಲು ಇರಲಿಲ್ಲ. ಆ ಸುದ್ದಿ ಕುಷ್ಟಗಿಯವರೆಗೂ ಹಬ್ಬಿ, ಬಾನುವನ್ನು ಗೊತ್ತುಮಾಡಿದ್ದ ಮೂರು ಮದುವೆಯವರು ಬೇರೆಯವರನ್ನು ನೋಡಿಕೊಂಡಿದ್ದರು.

ಉಡಚಮ್ಮ ಮೊರ ಕೆಳಗಿಟ್ಟಳು. ಕೊಪ್ಪಳದ ಕೋರ್ಟಿನಲ್ಲಿ ಮೂವತ್ತು ವರ್ಷ ಸಾಕ್ಷಿಗಳ ಹೆಸರು ಕೂಗಿ ನಿವೃತ್ತಳಾದ ಹೆಂಗಸು. ಕೂಗುವುದರ ನಡುವೆ ಬಾಗಿಲಲ್ಲಿ ನಿಂತು ಪಾಟೀಸವಾಲು ಕೇಳಿ ಕೇಳಿ, ಸುಳ್ಳು ಯಾವ ಕಡೆಯಿಂದ ಬರುತ್ತದೆಂದು ಅವಳಿಗೆ ತಿಳಿಯುತ್ತಿತ್ತು. ಓಣಿಯಲ್ಲಿ ಏನು ಕಳೆದರೂ ಜನ ಮೊದಲು ಅವಳ ಹತ್ತಿರ ಬರುತ್ತಿದ್ದರು. ಯಾರಾದರೂ ಬಂದು ಕೇಳುವ ತನಕ ಅವಳು ಮಾತ್ರ ಯಾರ ವಿಷಯಕ್ಕೂ ಹೋಗುತ್ತಿರಲಿಲ್ಲ.

“ಈಗ ಕೇಳಾವ್ರು ಬಂದ್ರು,” ಎಂದಳು. “ಬಾನು, ಅವತ್ತಿಂದು ಮೊದಲಿಂದ ಹೇಳು. ಬಿಡಬ್ಯಾಡ ಏನೂ.”

ಬಾನು ಬೇರೆಯವರ ಕಥೆಯಂತೆ ಹೇಳಿದಳು. ಮದುವೆ ನಡೆದದ್ದು ಕನಕಗಿರಿಯ ಆಚೆ ತಿಮ್ಮಣ್ಣನ ತೋಟದಲ್ಲಿ. ಬೋರ್ಡಿನ ಮೇಲೆ ‘ರ‍್ಯಾಂಚ್’ ಎಂದು ಬರೆಸಿದ್ದ. ಎರಡು ಕುದುರೆ, ಹನ್ನೆರಡು ಆಡು, ಬಣ್ಣ ಬಳಿದ ಎತ್ತಿನ ಬಂಡಿ, ಕೂಡಲು ಒಣಗಿದ ಜೋಳದ ದಂಟಿನ ಕಣಿಕಿ ಸೂಡು, ಬೇವಿನ ಟೊಂಗೆಗೆ ಕಂದೀಲು. ಹಳ್ಳಿಯ ಹಾಗೆ ಬಯಲಲ್ಲೇ ಮದುವೆ ಆಗಬೇಕೆಂಬುದು ಮದುಮಗ ಬಸವಕುಮಾರನ ಆಸೆ. ಮುದಕಮ್ಮ ಸೂಡಿನ ಮೇಲೆ ಕೂತು, “ಹೊಲ ಬಿಟ್ಟು ಮಂಟಪಕ್ಕ ಹೋಗಾಕ ನಮ್ಮ ಜೀವಮಾನ ಹೋತು. ಇವರು ಮತ್ತ ಕಣಿಕ್ಯಾಗ ತಂದು ಕುಂದ್ರಿಸ್ಯಾರ,” ಎಂದು ನಗಿಸಿದ್ದಳು.

ಬೆಳಿಗ್ಗೆ ಸುರಗಿ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು ನೂಲು ಸುತ್ತಿ, ನಡುವೆ ಮದುಮಗಳನ್ನು ಕೂಡಿಸಿ ಅರಿಶಿನ ಹಚ್ಚಿ ನೀರೆರೆಯುವ ಶಾಸ್ತ್ರ. ವಿಧವೆಯಾದ ಮುದಕಮ್ಮ ಅದರೊಳಗೆ ಹೋಗುವಂತಿರಲಿಲ್ಲ; ದೂರ ಕೂತಿದ್ದಳು. ಅಲ್ಲಿಯೇ ಬಾನು ಅವಳ ಫೋಟೋ ತೆಗೆದಳು. ತೆಗೆದದ್ದನ್ನು ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಅಲ್ಲಿದ್ದವರಿಗೆ ತೋರಿಸಿದಳು. ಆಮೇಲೆ ಕಾರ್ಡು ತೆಗೆದು ಬಿಳಿ ಮಂಜರಪಾಟು ಬಟ್ಟೆಯ ಚೀಲದ ಎರಡನೇ ಕಿಸೆಯಲ್ಲಿಟ್ಟು, ಚೀಲವನ್ನು ಬಂಡಿಯ ನೊಗಕ್ಕೆ ತೂಗುಹಾಕಿ, ಮದುಮಗನ ಮೆರವಣಿಗೆಗೆ ಹೋದಳು. ಊಟದ ಹೊತ್ತಿಗೆ ಬಂದು ನೋಡಿದರೆ ಆ ಕಾರ್ಡು ಇಲ್ಲ.

“ಉಳದ ಕಾರ್ಡು?”

“ಎಲ್ಲಾ ಇದ್ವು. ಲೆನ್ಸೂ ಇತ್ತು. ಪ್ರತಿ ಕಾರ್ಡಿಗೆ ಚೀಟಿ ಅಂಟಸ್ತೀನ್ರಿ. ಉರ್ದುದಾಗ ಬರದಿರ್ತೀನಿ.”

“ನೀ ಕಾರ್ಡು ಇಡೂದು ನೋಡಿದವ್ರು?”

“ಮುದಕಮ್ಮಜ್ಜಿ. ಉಮಾಪತಿ ಸಾವಕಾರ್ರು. ಅವರ ಹೆಂಡತಿ ಪಾರ್ವತೆಮ್ಮಾರು. ಡ್ರೋನ್ ಹಾರಸೂ ಗುರುಬಸವ.”

ಗುರುಬಸವ ಮದುಮಗನ ಚಿಕ್ಕಪ್ಪನ ಮಗ. ‘ಕಾರ್ಡು ಕಳೆಯುವ ಬಾನು’ ಎಂದು ಎಲ್ಲರ ಮೊಬೈಲಿಗೂ ಕಳಿಸಿದವನು ಅವನೇ.

“ಚೀಲ ತೊಳದೀಯೇನು?”

“ಇಲ್ಲ. ಯಾವುದಕ್ಕೂ ಮನಸಾಗಿಲ್ಲ.”

ಉಡಚಮ್ಮ ಚೀಲವನ್ನು ಬಿಸಿಲಿಗೆ ಹಿಡಿದು ಒಳಹೊರಗೆ ನೋಡಿದಳು. ಧೂಳಿತ್ತು, ಎರಡು ಕಣಿಕಿ ಎಸಳಿತ್ತು, ಬೇರೆ ಕಲೆಯಿರಲಿಲ್ಲ. ಲಾಡಿಯ ತುದಿಯನ್ನೂ ಬಿಡಿಸಿ ನೋಡಿದಳು. “ಆ ಫೋಟೋದಾಗ ಅಜ್ಜಿ ಬಿಟ್ಟು ಮತ್ತೇನಿತ್ತು?”

ಬಾನು ಕಣ್ಣು ಮುಚ್ಚಿದಳು. “ಹಿಂದ ಸಾವಕಾರ್ರು ನಿಂತಿದ್ರು. ಬಿಳಿ ಅಂಗಿ. ಕಿಸೆದಾಗಿಂದ ಕಾಗದದ ಮೂಲಿ ಇಣಕತಿತ್ತು, ಅರಿಶಿನ ಹಚ್ಚಿದ್ದು. ತಗೀರಿ ಅನಬೇಕಂದೆ. ಮದುವಿ ಮನಿ, ಲಗ್ನಪತ್ರಿಕಿ ಇರ್ತಾವ ಅಂತ ಸುಮ್ಮನಾದೆ.”

ಉಡಚಮ್ಮ ಸುರೇಖಾಳ ಕಡೆ ತಿರುಗಿದಳು. “ನಿಮ್ಮಜ್ಜಿಗೆ ಎಷ್ಟು ಮಕ್ಕಳವ್ವಾ?”

ಹುಡುಗಿ ತಡವರಿಸಿದಳು. “ಅಪ್ಪ ಒಬ್ರು… ಮತ್ತ ಶಂಕ್ರವ್ವತ್ತಿ. ಬೇವೂರಾಗ ಅದಾಳ. ತನಗ ಬೇಕಾದವನ್ನ ಮಾಡಿಕೊಂಡು ಹೋದಾಕಿ, ಹತ್ತೊಂಬತ್ತು ವರ್ಷ ಆತು. ಅಜ್ಜಿ ಮದುವಿಗೆ ಕರೀಬೇಕಂತ ನನ್ನ ಕಡಿಂದ ಕಾಗದ ಬರಸಿದ್ಲು. ಲಗ್ನಪತ್ರಿಕಿ ಜೋಡಿ ಲಕೋಟಿಗೆ ಹಾಕಿ, ತಾನಽ ಅರಿಶಿನ ಹಚ್ಚಿದ್ಲು. ಅಪ್ಪ ಟಪಾಲಿಗೆ ಹಾಕಿ ಬಂದ್ರು. ಅತ್ತಿ ಬರಲಿಲ್ಲ. ಅವತ್ತೆಲ್ಲಾ ಅಜ್ಜಿ ಗೇಟಿನ ಕಡೇನಽ ನೋಡತಿದ್ಲು.”

“ಅಜ್ಜಿ ಮಣ್ಣಿಗೆ?”

“ಮಣ್ಣಿಗೂ ಬರಲಿಲ್ಲ. ಸುದ್ದಿ ಒಯ್ದವರ ಮುಂದ, ‘ಮದುವಿಗೆ ಕರೀಲಿಲ್ಲ, ಮಣ್ಣಿಗ್ಯಾಕ ಕರೀತೀರಿ’ ಅಂದ್ಲಂತ. ಅವ್ವ ಅಂತಾಳ, ಎಂಥ ಸುಳ್ಳಿ ನೋಡು ಅಂತ.”

ಉಡಚಮ್ಮ ಮತ್ತೇನೂ ಕೇಳದೆ ಮೊರ ಎತ್ತಿಕೊಂಡಳು. “ನಾಳೆ ಬರ್ತೀವಿ. ಗುರುಬಸವನ್ನೂ ತಿಮ್ಮಣ್ಣನ್ನೂ ಕರಸಿರು.”

ಮರುದಿನ ಕನಕಗಿರಿಯ ಮನೆಯ ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು. ಗೋಡೆಯಲ್ಲಿ ಮೊಳೆ ಹೊಡೆದಾಗಿತ್ತು, ಚೌಕಟ್ಟು ಇರಲಿಲ್ಲ. ಉಮಾಪತಿ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು. ಬಾನು ಬಾಗಿಲ ಹತ್ತಿರ ಕೂತಳು. ಕಾಲು ಜೋಮು ಹಿಡಿದರೂ ಸರಿಸಲಿಲ್ಲ.

“ಅಕ್ಕಾರ, ಇನ್ನೊಂದು ಕಾರ್ಡು ಕಳೀಲಾಕ ಬಂದೀರೇನು?” ಎಂದ ಗುರುಬಸವ.

“ಬಾಯಿ ಮುಚ್ಚೋ ತಮ್ಮಾ, ನಿನ್ನಿಂದಽ ಶುರು ಮಾಡ್ತೀನಿ,” ಎಂದಳು ಉಡಚಮ್ಮ. “ಕದ್ದವರಿಗೆ ಕ್ಯಾಮೆರಾ ಬೇಕಿರಲಿಲ್ಲ, ಲೆನ್ಸು ಬೇಕಿರಲಿಲ್ಲ. ಸುರಗಿ ಕಾರ್ಡಷ್ಟಽ ಬೇಕಿತ್ತು. ಚೀಟಿ ಉರ್ದುದಾಗಿತ್ತು, ಅದನ್ನ ಓದಾವ್ರು ಅಲ್ಲಿ ಬಾನು ಬಿಟ್ರ ಯಾರೂ ಇರಲಿಲ್ಲ. ಅಂದ್ರ ಅಕಿ ಯಾವ ಕಿಸೆದಾಗ ಇಟ್ಲು ಅಂತ ಕಣ್ಣಾರೆ ನೋಡಿದವ್ರಽ ತಗದಾರ. ತಿಮ್ಮಣ್ಣ, ನೀ ಆಗ ಎಲ್ಲಿದ್ದಿ?”

“ಒಂದು ಆಡು ಬಾಳಿಕಂಬ ತಿನ್ನಾಕತ್ತಿತ್ರಿ. ಅದನ್ನ ಹಿಡಿಯಾಕ ಅರ್ಧಾ ತೋಟ ಓಡೀನಿ.”

“ನೀ ನೋಡಿಲ್ಲ, ಬಿಟ್ಟೆ. ನೋಡಿದವ್ರು ನಾಕು ಮಂದಿ. ಮುದಕಮ್ಮ ಇಬ್ಬರು ಹಿಡಕೊಳ್ಳದ ಏಳ್ತಿದ್ದಿಲ್ಲ. ಗುರುಬಸವ, ಅವತ್ತು ನಿನ್ನ ಗತಿ ಏನಾಗಿತ್ತು?”

ಸುರೇಖಾ ಹೇಳಿದಳು: “ನಮ್ಮ ಗೆಳತ್ಯಾರು ಇವನ್ನ ಹಿಡದು ತಲಿಯಿಂದ ಕಾಲತನಕ ಅರಿಶಿನ ಎಣ್ಣಿ ಬಳದಿದ್ರು. ಡ್ರೋನಿನ ರಿಮೋಟ್ ಸೈತ ಹಳದಿ ಆಗಿತ್ತು.”

“ಪಾರ್ವತೆಮ್ಮ ಮದುಮಗಳಿಗೆ ಹಚ್ಚಿದಾಕಿ, ಮೊಳಕೈತನಕ ಅರಿಶಿನ. ಎಣ್ಣ್ಯಾಗ ಕಲಸಿದ ಅರಿಶಿನ ಒಂದು ಸಲ ತೊಳದ್ರ ಹೋಗೂದಲ್ಲ, ಬೆರಳ ಸಂದ್ಯಾಗ ಇರತೈತಿ.” ಉಡಚಮ್ಮ ಬಿಳಿ ಚೀಲವನ್ನು ನಡುವೆ ಇಟ್ಟಳು. “ಲಾಡಿ ಬಿಚ್ಚಬೇಕು, ಕಿಸೆದಾಗ ಬೆರಳು ಹಾಕಬೇಕು, ಮತ್ತ ಕಟ್ಟಬೇಕು. ತೊಳೀದ ಚೀಲ ಇದು. ನೋಡ್ರಿ, ಹಳದಿ ಚುಕ್ಕಿ ಐತೇನು?”

ಪಾರ್ವತೆಮ್ಮ ಚೀಲ ನೋಡಲಿಲ್ಲ. ಗಂಡನನ್ನು ನೋಡಿದರು.

“ಸುರಗಿ ಹೆಣ್ಣುಮಕ್ಕಳ ಶಾಸ್ತ್ರ. ಮದುಮಗಳ ಅಪ್ಪ ಅರಿಶಿನಕ್ಕ ಕೈ ಹಚ್ಚೂದಿಲ್ಲ,” ಎಂದಳು ಉಡಚಮ್ಮ. “ಸಾವಕಾರ್ರ, ನಿಮ್ಮ ಕೈ ಸ್ವಚ್ಛ ಇದ್ದು. ಅದಽ ನಿಮ್ಮನ್ನ ಹಿಡಿಸಿಕೊಟ್ಟಿತು.”

“ಹೆತ್ತ ತಾಯಿ ಫೋಟೋ ಕದೀತಾರೇನು ಯಾರರ?” ಎಂದ ಗುರುಬಸವ.

“ಫೋಟೋದಾಗ ತಾಯಿ ಒಬ್ಬಾಕಿನಽ ಇದ್ದಿದ್ರ ಕದೀತಿದ್ದಿಲ್ಲ. ಇವರ ಕಿಸೆದಾಗ ಅರಿಶಿನ ಹಚ್ಚಿದ ಕಾಗದ ಇತ್ತು. ಬಾನು ದೊಡ್ಡದು ಮಾಡಿ ತೋರಿಸಿದಾಗ ಇವರ ಕಣ್ಣಿಗೆ ಬಿತ್ತು. ಲಗ್ನಪತ್ರಿಕಿ ಮದುವಿಗಿಂತ ಮೊದಲಽ ಹಂಚಿ ಮುಗೀತಾವು. ಮದುವಿ ದಿನ, ಹಂಚದ ಪತ್ರಿಕಿ ಯಾರ ಕಿಸೆದಾಗ ಇರತೈತಿ? ಕೊಟ್ಟೀನಿ ಅಂತ ಹೇಳಿ ಕೊಡದಽ ಇದ್ದವನ ಕಿಸೆದಾಗ. ಬೇವೂರಿನ ಹೆಣ್ಣುಮಗಳು ಸುಳ್ಳು ಹೇಳಿಲ್ಲ. ಅಕಿಗೆ ಕಾಗದಽ ಮುಟ್ಟಿಲ್ಲ. ಆಲ್ಬಮ್ಮಿನಾಗ ಆ ಫೋಟೋ ಬಂದಿದ್ರ, ವಿಳಾಸ ಬರದ ಸುರೇಖಾ ಲಕೋಟಿ ಗುರುತು ಹಿಡೀತಿದ್ಲು.”

ಉಮಾಪತಿ ನೆಲವನ್ನೇ ನೋಡುತ್ತ ಹೇಳಿದರು: “ಬೀಗರ ಮುಂದ ನಾ ಒಬ್ಬನಽ, ಒಡಹುಟ್ಟಿದವ್ರು ಯಾರೂ ಇಲ್ಲ ಅಂದಿದ್ದೆ. ಮದುವಿ ಮುಗೀಲಿ, ಆಮ್ಯಾಲೆ ಅವ್ವಗ ಹೇಳಿದ್ರಾತು ಅಂದುಕೊಂಡಿದ್ದೆ. ಒಂಬತ್ತು ದಿನದಾಗ ಅವ್ವ ಹೋದ್ಲು.”

“ಕಾಗದ ಯಾಕ ಹರೀಲಿಲ್ಲ?”

“ಅರಿಶಿನ ಹಚ್ಚ್ಯಾಳಲ್ರಿ ಅವ್ವ,” ಎಂದರು, ಇದೆಂಥ ಪ್ರಶ್ನೆ ಎನ್ನುವಂತೆ. “ಅದನ್ನ ಹರ‍್ಯಾಕ ಬರತೈತೇನು, ಸುಡಾಕ ಬರತೈತೇನು? ಮನ್ಯಾಗ ಇಟ್ರ ಹೆಂಡತಿ ನೋಡ್ತಾಳ. ಅದಕ್ಕಽ ಕಿಸೆದಾಗ.”

“ಕಾರ್ಡೂ ಒಗದಿಲ್ಲ ನೀವು. ಅದರಾಗ ತಾಯಿ ಅದಾಳ. ಎರಡೂ ನೆಲದ ಮ್ಯಾಲೆ ಇಡೂವಂಥವಲ್ಲ. ಸಾವಿನ ಮನ್ಯಾಗ ಪೂಜಿ ನಿಂತೈತಿ, ಈಗ ಹೆಂಡತಿ ಕೈ ಹೋಗದ ಜಾಗಾ ಒಂದಽ, ದೇವರ ಜಗಲಿ ಮ್ಯಾಲಿನ ಗ್ವಾಡಿ ಮಾಡ. ಹೋಗಿ ತಗೊಂಡು ಬರ‍್ರಿ.”

ಅವರು ಎದ್ದು ಒಳಗೆ ಹೋದರು. ಬಹಳ ಹೊತ್ತಾಯಿತು. ಬಂದಾಗ ಒಂದು ಕೈಯಲ್ಲಿ ಕಾರ್ಡು, ಇನ್ನೊಂದರಲ್ಲಿ ಲಕೋಟೆ. ಕಾರ್ಡನ್ನು ಬಾನುವಿನ ಅಂಗೈಯಲ್ಲಿ ಇಟ್ಟು, “ನಿನ್ನ ಹೆಸರು ಕೆಡಿಸಿದೆ ತಂಗೀ. ಎಲ್ಲಾರಿಗೂ ನಾನಽ ಹೇಳ್ತೀನಿ,” ಎಂದರು. ಸಂತೋಷ ಆಗಬೇಕಿತ್ತು. ಬಾನುವಿಗೆ ಕಾರ್ಡಿನ ತಣ್ಣಗಿನ ಅಂಚು ಮಾತ್ರ ತಿಳಿಯಿತು. ಗುರುಬಸವ ಮೊಬೈಲ್ ತೆಗೆದು ಏನನ್ನೋ ಅಳಿಸುತ್ತಿದ್ದ.

ಮೂಲೆಯಲ್ಲಿದ್ದ ಲ್ಯಾಪ್‌ಟಾಪಿನಲ್ಲಿ ಮುದಕಮ್ಮ ಮೂಡಿದಳು. ಕಣಿಕಿ ಸೂಡಿನ ಮೇಲೆ, ಸೆರಗಿಲ್ಲದ ಮುಖ. ಅವಳು ಕ್ಯಾಮೆರಾವನ್ನು ನೋಡಿರಲಿಲ್ಲ. ಗೇಟಿನ ಕಡೆ ನೋಡಿದ್ದಳು. ಸುರೇಖಾ ಅಪ್ಪನೊಂದಿಗೆ ಮಾತಾಡದೆ ಎದ್ದು ಹೋದಳು.

ಅಜ್ಜಿಯ ದಿನದ ಪೂಜೆಗೆ ಬಾನು ಎರಡು ಪ್ರತಿ ತೆಗೆದಳು: ಗೋಡೆಗೆ ದೊಡ್ಡದು, ಉಮಾಪತಿ ಕೇಳಿದ್ದಕ್ಕೆ ಲಕೋಟೆಗೆ ಹಿಡಿಯುವಷ್ಟು ಒಂದು. ಮಂದಿ ಉಂಡು ಹೋದ ಮೇಲೆ ಉಮಾಪತಿ ಟಪಾಲು ಕಚೇರಿಗೆ ನಡೆದರು. ಬಾನು ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯೂ ಅದೇ ಆದ್ದರಿಂದ, ಅವಳೂ ಉಡಚಮ್ಮನೂ ಹಿಂದೆಯೇ ಇದ್ದರು.

“ಕಾರಿನಾಗ ಹೋಗಿ ಕೈಯಾಗಽ ಕೊಡಬಹುದಲ್ರಿ?” ಎಂದಳು ಬಾನು.

“ಯಾವ ಮಾರಿ ತಗೊಂಡು ಹೋಗ್ಲಿ? ಮೊದಲು ಇದು ಹೋಗ್ಲಿ. ಬಾ ಅಂದ್ರ ಹೋಗ್ತೀನಿ.”

ಲಕೋಟೆಯ ಮೇಲಿನ ಸ್ಟಾಂಪು ಹಳೆಯದೇ. ಒಳಗೆ ಮುಗಿದುಹೋದ ಮದುವೆಯ ಕರೆಯೋಲೆ, ತಾಯಿ ಬರೆಸಿದ ಎರಡು ಸಾಲು, ಒಂದು ಫೋಟೋ. ತಮ್ಮದೆಂದು ಅವರು ಒಂದಕ್ಷರವನ್ನೂ ಸೇರಿಸಿರಲಿಲ್ಲ. ಕೆಂಪು ಡಬ್ಬಿಯ ಬಾಯಿಗೆ ಅರ್ಧ ತೂರಿಸಿ ಹಿಡಿದುಕೊಂಡೇ ನಿಂತರು.

ಹಿಂದೆ ಕಾಗದ ಹಿಡಿದು ಕಾದಿದ್ದ ಹೆಣ್ಣುಮಗಳೊಬ್ಬಳು, “ಹಾಕ್ರೀ ಯಪ್ಪಾ, ಬಿಸಲೈತಿ,” ಎಂದಳು.

ಉಮಾಪತಿ ಕೈ ಬಿಟ್ಟರು.