ಸಾವಳಗಿ ಬಸ್ಸಿನ ಖಳನಾಯಕ

“ಈ ಬಸ್ಸಿನ್ಯಾಗ ನಾ ಕುಂದ್ರೂದಿಲ್ಲ. ನನ್ನ ಇಲ್ಲೇ ಇಳಸ್ರಿ.”

ಜಮಖಂಡಿಗೆ ಹೊರಟ ಕೆಂಪು ಬಸ್ಸು ಇನ್ನೂ ಸಾವಳಗಿ ದಾಟಿರಲಿಲ್ಲ. ಅಷ್ಟರಲ್ಲೇ ಮುದಕವ್ವ ಎದ್ದು ನಿಂತುಬಿಟ್ಟಿದ್ದಳು. ಪಕ್ಕದಲ್ಲಿದ್ದ ಮೊಮ್ಮಗಳು ಅನುಸೂಯಾಳಿಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು.

“ಯಾಕ ಬೇ ಆಯಿ, ಏನಾತು?”

“ಅಲ್ಲಿ ನಿಂತಾನಲ್ಲ, ಅಂವನ್ನ ನೋಡು. ಹಡೆದವ್ವನ್ನ ಮನಿ ಬಿಟ್ಟು ಹೊರಗ ನೂಕಿದಾಂವ. ಮೊನ್ನೆ ನಾ ಕಣ್ಣಾರೆ ನೋಡೇನಿ.”

ಮುದುಕಿಯ ಬೆರಳು ಕಂಡಕ್ಟರನ ಕಡೆಗಿತ್ತು. ಬಸ್ಸಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವನೊಬ್ಬನೇ ನಗಲಿಲ್ಲ. ಹತ್ತಿರ ಬಂದು ಕೈಮುಗಿದ.

“ಆಯಿ, ಅದು ನಾಟಕರಿ. ನಿಮ್ಮೂರಾಗ ನಾ ಖಳನಾಯಕನ ಪಾರ್ಟು ಮಾಡಿದ್ದೆ.”

“ಬಣ್ಣಾ ತೊಳಕೊಂಡ್ರೇನಾತು? ಕಣ್ಣ ಅವ ಅದಾವ.”

ಅವನು ಸೀಟಿ ಊದಿ ಬಸ್ಸು ನಿಲ್ಲಿಸಿದ. ಇಳಿಯಲು ಕೈ ಕೊಟ್ಟರೆ ಮುದುಕಿ ಕೊಡವಿಬಿಟ್ಟಳು. ಅನುಸೂಯಾ ಕೆಳಗಿಳಿದು ತಿರುಗಿ ನೋಡಿದಳು. ಸ್ಟೇಜಿನ ಮೇಲೆ ಬೆಂಕಿ ಕಾರಿದ್ದ ಆ ಕಣ್ಣುಗಳು, ಪೆಟ್ಟು ತಿಂದ ಮಗುವಿನ ಕಣ್ಣಾಗಿದ್ದವು.

‘ಈ ಕಣ್ಣಿಗೆ ಆಯಿ ಹೆದರಿದ್ದು?’ ಎಂದುಕೊಂಡಳು ಅವಳು...

ಈಗ ಕೇಳಿದರೆ ನಿಮಗೆ ನಗು ಬರುತ್ತದೆ. ಆದರೆ ಅದು ಎಪ್ಪತ್ತಾರನೇ ಇಸವಿ. ಸುಗ್ಗಿ ಮುಗಿದರೆ ಸಾಕು, ನಮ್ಮ ಕಡೆ ಊರೂರಿಗೂ ಒಂದು ಸ್ಟೇಜು ಏಳುತ್ತಿತ್ತು. ಹೆಣ್ಣು ಪಾರ್ಟಿನವರು ಹೊರಗಿನಿಂದ ಬರುವವರು, ಉಳಿದವರೆಲ್ಲ ನಮ್ಮ ನಿಮ್ಮಂಥವರು. ನಾಯಕನಾದವನಿಗೆ ತಿಂಗಳಗಟ್ಟಲೆ ಪುಕ್ಕಟೆ ಚಹಾ. ಖಳನಾಯಕನಿಗೆ? ಹೆಂಗಸರ ಶಾಪ. ಶಾಪ ಹೆಚ್ಚಾದಷ್ಟೂ ಪಾರ್ಟು ಛಲೋ ಆಯಿತೆಂದು ಲೆಕ್ಕ. ಆ ಲೆಕ್ಕದಲ್ಲಿ ಬನಹಟ್ಟಿಯ ದಶರಥನನ್ನು ಮೀರಿಸುವವರು ಸುತ್ತಮುತ್ತಲ ಊರುಗಳಲ್ಲೇ ಇರಲಿಲ್ಲ. ಅಂಥವನು ಹೊಟ್ಟೆಪಾಡಿಗೆ ಬಸ್ಸಿನ ಕಂಡಕ್ಟರ್!

ಮರುದಿನ ಅನುಸೂಯಾ ಹೊಲಿಗೆ ಕ್ಲಾಸಿಗೆ ಒಬ್ಬಳೇ ಹೊರಟಳು. ಅದೇ ಬಸ್ಸು, ಅದೇ ಕಂಡಕ್ಟರ್.

“ನಮ್ಮ ಆಯಿದು ತಪ್ಪಾತ್ರಿ. ಸಿಟ್ಟಿಗೇಳಬ್ಯಾಡ್ರಿ,” ಎಂದಳು ತಲೆ ತಗ್ಗಿಸಿ.

“ತಪ್ಪ ಯಾಕ್ರಿ? ಅದು ನನಗ ಸಿಕ್ಕ ಬಹುಮಾನ.”

“ಬಹುಮಾನ ಸಿಕ್ಕಾವ್ರ ಮಾರಿ ಹಂಗಿರ್ತದೇನ್ರಿ?”

ದಶರಥ ನಕ್ಕುಬಿಟ್ಟ. ಆ ನಗುವಿಗೆ ಅನುಸೂಯಾಳ ಎದೆ ಝಲ್ಲೆಂದಿತು.

ಹೀಗೇ ಶುರುವಾಯಿತು. ಬಸ್ಸಿನಲ್ಲಿ ನಾಲ್ಕು ಮಾತು, ಇಳಿಯುವಾಗ ಒಂದು ನೋಟ... ಅಷ್ಟೇ. ಬನಹಟ್ಟಿಯಲ್ಲಿ ನೂಲು ಸುತ್ತುವ ತಾಯಿಯ ವಿಷಯ ಹೇಳುವಾಗ ಅವನ ದನಿ ಮೆತ್ತಗಾಗುತ್ತಿತ್ತು. ನಾಟಕದ ವಿಷಯಕ್ಕೆ ಬಂದರೆ ಮುಖವೆಲ್ಲ ಬೆಳಗುತ್ತಿತ್ತು.

“ನಾಯಕಗ ಏನ ಕೆಲಸಾ ಐತ್ರಿ? ಸುಮ್ನ ಛಲೋ ಇದ್ರ ಆತು. ಖರೆ ದುಡಿಯಾಂವ ಖಳನಾಯಕ. ಊರ ಮಂದಿ ಸಿಟ್ಟೆಲ್ಲಾ ಒಬ್ಬಾಂವ ಮೈಮ್ಯಾಲ ತಗೋಬೇಕು,” ಎನ್ನುತ್ತಿದ್ದ.

ವರ್ಷ ತುಂಬುವುದರೊಳಗೆ ದಶರಥನ ಸೋದರಮಾವ ಜಕ್ಕಪ್ಪ ಹೆಣ್ಣು ಕೇಳಲು ಸಾವಳಗಿಗೆ ಬಂದ. ಅನುಸೂಯಾಳ ತಂದೆ ಗಿರಿಮಲ್ಲಪ್ಪ ಊರಿನ ಪಂಚರಲ್ಲೊಬ್ಬ. ಮರ್ಯಾದೆಯೇ ಅವನ ಆಸ್ತಿ. ಕುಳಿತು ಬಹಳ ಹೊತ್ತು ಗಡ್ಡ ಕೆರೆದುಕೊಂಡ.

“ಹುಡುಗ ನೌಕರಿದಾಂವ, ಮನಿತನಾನೂ ಛಲೋ ಐತಿ. ಆದ್ರ ನಾಳೆ ಮಂದಿ, ಗಿರಿಮಲ್ಲಪ್ಪ ಹೋಗಿ ಹೋಗಿ ಆ ಕೆಟ್ಟವಗ ಮಗಳನ್ನ ಕೊಟ್ಟ ಅಂತಾರ. ಒಂದ ಕೆಲಸಾ ಮಾಡ್ರಿ. ಈ ಸಲದ ನಾಟಕದಾಗ ಅಂವ ನಾಯಕನ ಪಾರ್ಟು ಮಾಡ್ಲಿ. ಊರೆಲ್ಲಾ ಹೌದು ಹೌದು ಅನ್ಲಿ. ಮರುದಿನಾನ ಎಲಿ-ಅಡಿಕಿ ಹಿಡಿದು ಲಗ್ನಾ ಗೊತ್ತ ಮಾಡೂಣು.”

ಅನುಸೂಯಾಳಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಇಷ್ಟು ಸಣ್ಣ ಕರಾರು!

“ನನ್ನ ಸಲುವಾಗಿ ಇದೊಂದ ಮಾಡ್ರಿ,” ಎಂದಳು ಮರುದಿನ ಬಸ್ಸಿನಲ್ಲಿ.

ದಶರಥ ಕಿಟಕಿಯಾಚೆ ನೋಡಿದ. “ನಿಮ್ಮ ಸಲುವಾಗಿ ಏನರ ಮಾಡ್ತೇನಿ,” ಎಂದ. ಆ ದನಿಯಲ್ಲಿದ್ದ ಅಳುಕು ಪ್ರೀತಿಯ ಅಮಲಿನಲ್ಲಿದ್ದ ಅವಳಿಗೆ ಕೇಳಿಸಲೇ ಇಲ್ಲ.

ನಾಟಕದ ದಿನ ಬಂತು. ಬಿಳಿ ಅಂಗಿ ತೊಟ್ಟು ದಶರಥ ಸ್ಟೇಜಿಗೆ ಬಂದ. ತಾಯಿ ಪಾರ್ಟಿನವಳ ಕಾಲು ಹಿಡಿದು, “ಅವ್ವಾ, ನಿನ್ನ ಪಾದದಲ್ಲೇ ನನ್ನ ಸ್ವರ್ಗ,” ಎಂದ.

“ನಂಬಬ್ಯಾಡ ಬೇ ಯವ್ವಾ, ನೂಕತಾನ ಅಂವ,” ಎಂದು ಹೆಂಗಸರ ಕಡೆಯಿಂದ ಒಂದು ಕೂಗು ಎದ್ದಿತು. ಜನವೆಲ್ಲ ನಕ್ಕಿತು.

ಅವನು ತಾಯಿಗೆ ಔಷಧಿ ಕುಡಿಸಲು ಹೋದ. “ಕುಡಿಬ್ಯಾಡ, ವಿಷಾ ಹಾಕ್ಯಾನ,” ಎಂದರು. ನಾಯಕಿಗೆ ಹೂ ಕೊಟ್ಟ. “ಓಡು ತಂಗೀ,” ಎಂದರು. ದಶರಥನಿಗೆ ಮಾತು ಮರೆತುಹೋಯಿತು. ಹತ್ತೂರು ನಡುಗಿಸಿದ ಮನುಷ್ಯ ಒಳ್ಳೆಯವನ ಎರಡು ಮಾತು ಆಡಲಾರದೆ ಕಂಬದಂತೆ ನಿಂತ. ಗಿರಿಮಲ್ಲಪ್ಪ ನಡುವೆಯೇ ಎದ್ದು ಮನೆಗೆ ನಡೆದ.

ಅನುಸೂಯಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ‘ಇವರನ್ನ ನಗೆಪಾಟಲು ಮಾಡಿದಾಕಿ ನಾನ...’

ಸ್ಟೇಜಿನ ಮೇಲಿಂದ ದಶರಥನಿಗೆ ಕಂಡದ್ದು ಆ ಮುಚ್ಚಿದ ಮುಖ ಮಾತ್ರ. ‘ನನ್ನಿಂದ ಆಕೀಗೆ ನಾಚಿಕಿ ಆತು,’ ಎಂದುಕೊಂಡ.

ಮುಂದಿನ ವಾರ ಆ ಬಸ್ಸಿನಲ್ಲಿ ಬೇರೆ ಕಂಡಕ್ಟರ್ ಇದ್ದ.

“ದಶರಥ ಮುಧೋಳ ರೂಟ್ ಕೇಳಿ ಇಸ್ಕೊಂಡಾನ್ರಿ. ಇನ್ನ ಬಣ್ಣಾನೂ ಹಚ್ಚೂದಿಲ್ಲಂತ,” ಎಂದ ಆತ.

ಅನುಸೂಯಾ ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟಳು. ‘ನನ್ನ ಮಾರಿ ನೋಡಬಾರ್ದು ಅಂತಾನ ಹೋಗ್ಯಾರ...’ ಅಂದಿನಿಂದ ಹೊಲಿಗೆ ಕ್ಲಾಸೂ ಬೇಡವಾಯಿತು, ಊಟವೂ ಬೇಡವಾಯಿತು.

ಒಂದು ದಿನ ಊಟಕ್ಕೆ ಕುಳಿತಾಗ ಗಿರಿಮಲ್ಲಪ್ಪ ಮಾತು ತೆಗೆದ. “ನಾಳೆ ಬೀಳಗಿಯಾವ್ರು ಹೆಣ್ಣ ನೋಡಾಕ ಬರ್ತಾರ.”

“ನಾ ಒಲ್ಲೆ ಅಪ್ಪಾ. ದಶರಥ ಅವ್ರನ್ನ ಬಿಟ್ಟು ನಾ ಯಾರನ್ನೂ ಒಲ್ಲೆ.”

ಅವಳ ಬಾಯಿಂದ ಇಂಥ ಮಾತು ಬಂದದ್ದು ಅದೇ ಮೊದಲು. ಗಿರಿಮಲ್ಲಪ್ಪನ ಕೈಯ ತುತ್ತು ಅಲ್ಲೇ ನಿಂತಿತು.

“ಒಂದ ಒಳ್ಳೆಯವನ ಪಾರ್ಟು ಮಾಡಾಕ ಬರಲಿಲ್ಲ ಅವಗ. ಇಡೀ ಊರ ನಕ್ಕತು.”

ಮೂಲೆಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ಮುದಕವ್ವ ತಲೆ ಎತ್ತಿದಳು. “ಲೇ ಗಿರಿಮಲ್ಲ, ಅವತ್ತಿನಿಂದ ನಾನೂ ಅದನ್ನ ವಿಚಾರ ಮಾಡಾಕತ್ತೇನಿ. ಖರೇನ ಕೆಟ್ಟಾಂವ ಇದ್ದಿದ್ರ, ಒಳ್ಳೆಯವನ ಸೋಗು ನಮ್ಮೆಲ್ಲಾರಕಿಂತ ಛಲೋ ಹಾಕತಿದ್ದ. ಕೆಟ್ಟ ಮಂದಿ ಹುಟ್ಟಿನಿಂದ ಅದನ್ನ ಮಾಡಿರ್ತಾರಲ್ಲ. ಈ ಹುಡುಗಗ ಅದೊಂದ ಬರಲಿಲ್ಲ ನೋಡು.”



“ಬಸ್ಸಿನಿಂದ ಇಳಿದು ಬಂದಾಕಿ ನೀನ ಅಲ್ಲೇನ ಬೇ?” ಎಂದ ಗಿರಿಮಲ್ಲಪ್ಪ.

“ಹೌದು, ಇಳಿದೆ. ಮುಪ್ಪಿನ್ಯಾಗ ಬುದ್ಧಿ ಬರಬಾರ್ದು ಅಂತ ಐತೇನು?”

ಗಿರಿಮಲ್ಲಪ್ಪ ಮಗಳ ಸೊರಗಿದ ಮುಖ ನೋಡಿದ. “ಬೀಳಗಿಯಾವ್ರಿಗೆ ಬರಬ್ಯಾಡ್ರಿ ಅಂತೇನಿ. ಜಕ್ಕಪ್ಪಗ ಹೂಂ ಅಂತ ಹೇಳಿ ಕಳಸ್ತೇನಿ,” ಎಂದ.

“ಬ್ಯಾಡ ಅಪ್ಪಾ. ಅವ್ರು ನನ್ನ ಮ್ಯಾಲ ಸಿಟ್ಟಾಗ್ಯಾರ. ನಾನ ಹೋಗಿ ಹೇಳಬೇಕು.”

ಬೆಳಗಾಗುತ್ತಲೇ ಅಜ್ಜಿ ಮೊಮ್ಮಗಳು ಮುಧೋಳದ ಹಾದಿ ಹಿಡಿದರು. ಬಸ್ ಸ್ಟ್ಯಾಂಡಿನಲ್ಲಿ ದಶರಥ ಒಬ್ಬನೇ ನಿಂತಿದ್ದ, ಸೊರಗಿದ್ದ. ಅವಳನ್ನು ಕಂಡು ಬಣ್ಣಗೆಟ್ಟ. ಮುದಕವ್ವ ಬೇಕಂತಲೇ ಚಹಾದಂಗಡಿಯ ಕಡೆ ನಡೆದಳು.

“ನಿಮಗ ಮಂದ್ಯಾಗ ನಾಚಿಕಿ ತಂದೆ. ಮಾರಿ ಮುಚ್ಕೊಂಡು ಅತ್ರಿ, ನೋಡಿದೆ,” ಎಂದ ನೆಲ ನೋಡುತ್ತ.

“ನಾಚಿಕಿಗೆ ಅತ್ತಿಲ್ಲರಿ ನಾ. ನಿಮ್ಮನ್ನ ಅಲ್ಲಿ ಹಂಗ ನಿಲ್ಲಿಸಿದಾಕಿ ನಾನ ಅಂತ ಅತ್ತೆ. ನೀವು ನೋಡಿದ್ರ ಸಿಟ್ಟಾಗಿ ಬಿಟ್ಟ ಬಂದ್ರಿ...”

“ನಿಮ್ಮ ಮ್ಯಾಲ ಸಿಟ್ಟಾ? ನಿಮ್ಮ ಎದುರಿಗೆ ನಿಲ್ಲಾಕ ಧೈರ್ಯ ಆಗಲಿಲ್ರಿ.”

ಇಬ್ಬರ ಕಣ್ಣೂ ತುಂಬಿ ಬಂದವು. ಸುತ್ತಲಿನ ಜನ ನೋಡುತ್ತಿದ್ದಾರೆಂಬ ಪರಿವೆಯೂ ಇರಲಿಲ್ಲ.

“ಅಪ್ಪ ಹೂಂ ಅಂದಾನ್ರಿ.”

ದಶರಥ ನೆಲದಿಂದ ಕಣ್ಣೆತ್ತಿ ಅವಳನ್ನು ನೋಡಿದ.

“ಆದ್ರ ಈ ಸಲ ಕರಾರು ನಂದು. ನೀವು ಬಣ್ಣಾ ಹಚ್ಚೂದು ಬಿಡಬಾರ್ದು. ಖಳನಾಯಕನ ಪಾರ್ಟೇ ಮಾಡಬೇಕು.”

“ಮಂದಿ ಬೈತಾರ, ಅನುಸೂಯಾ. ಕೆಟ್ಟವನ ಹೇಣ್ತಿ ಅಂತ ನಿನಗೂ ಬೈತಾರ.”

ಅವನು ‘ನೀವು’ ಬಿಟ್ಟು ‘ನೀನು’ ಎಂದದ್ದು ಅವಳ ಎದೆಗೆ ಇಳಿಯಿತು.

“ಬೈಲಿ ಬಿಡ್ರಿ. ಮುಂದಿನ ಸಾಲಿನ್ಯಾಗ ಕುಂತು ಎಲ್ಲಾರಕಿಂತ ಜೋರ್ ನಾನ ಬೈತೇನಿ.”

“ಮತ್ತ... ಮನಿಗೆ ಬಂದ ಮ್ಯಾಲ?”

“ಬಣ್ಣಾ ತೊಳ್ಕೊಳ್ಳಾಕ ಬಿಸಿನೀರ ಕಾಸಿ ಇಟ್ಟಿರ್ತೇನಿ.”