ಹಾಡಿಗೆ ಮುಂಚಿನ ದನಿ

"ನನ್ನ ದನಿ ಒರೆಸಿ ಹಾಕಿದ್ದಾರಮ್ಮ!" ಎನ್ನುತ್ತಲೇ ನರೆಗೂದಲಿನ ಡ್ರಮ್ಮರ್ ಅಕ್ಕ ನಮ್ಮ ಮನೆಯೊಳಗೆ ಬಂದರು. ಪತ್ತೇದಾರಿಕೆಯಲ್ಲಿ ಹೆಸರು ಮಾಡಿದ್ದ ನನ್ನ ಚಿಕ್ಕಮ್ಮ ಕುರ್ಚಿ ಎಳೆದುಕೊಟ್ಟಳು.

ಹೆಸರಾಂತ ರಾಕ್ ಸ್ಟುಡಿಯೋ ಸಂಗ್ರಹಾಲಯವಾಗುತ್ತಿತ್ತು. ಅದಕ್ಕೆ ಕೀರ್ತಿ ತಂದ ಹಾಡಿಗೆ ಡ್ರಮ್ಸ್ ಬಾರಿಸಿದ್ದು ಈ ಅಕ್ಕನೇ. ಗೋಡೆಯ ಫಲಕದಲ್ಲಿ ಮಾತ್ರ ಡ್ರಮ್ಮರ್ ಎಂದು ಅದೇ ಹಾಡಿನ ಗಿಟಾರಿಸ್ಟನ ಅಣ್ಣನ ಹೆಸರಿತ್ತು.

"ಹಾಡು ಶುರುವಾಗೋ ಮುಂಚೆ ಒಂದು, ಎರಡು ಅಂತ ಎಣಿಸಿದ್ದು ನಾನು. ಮೂಲ ಟೇಪಲ್ಲಿದೆ. ಇವತ್ತು ಗಿಟಾರಿಸ್ಟ್ ಕೇಳಿಸಿದ. ಬರೀ ಸುಂಯ್ ಅನ್ನೋ ಸದ್ದು! 'ಎಲ್ಲಮ್ಮಾ ನಿನ್ನ ದನಿ' ಅಂತ ಹಲ್ಲು ಕಿರಿದ."

"ಹಾಕೋ ಮುಂಚೆ ಹಿಂದಕ್ಕೆ ಸುತ್ತಿದನಾ?" ಚಿಕ್ಕಮ್ಮ ಕೇಳಿದಳು.

"ಇಲ್ಲಮ್ಮ. ಡಬ್ಬಿಯಿಂದ ತೆಗೆದ, ಹಾಕಿದ."

ನನಗೆ ಮೈ ಉರಿಯಿತು. ಚಿಕ್ಕಮ್ಮನ ಚೀಲ ಹಿಡಿದು ಅವಳ ಜೊತೆ ಸ್ಟುಡಿಯೋಗೆ ಹೊರಟೆ.

ಟೇಪಿನ ಕಪಾಟಿನ ಬೀಗದಕೈ ಮಾಲೀಕ, ಎಂಜಿನಿಯರ್, ಗಿಟಾರಿಸ್ಟ್ ಈ ಮೂವರ ಬಳಿ ಇತ್ತು. ಮಾಲೀಕ ಸ್ಟುಡಿಯೋದ ಚರಿತ್ರೆ ಹೇಳುತ್ತ ನಮ್ಮನ್ನು ಸುತ್ತಾಡಿಸಿದ.

"ಅಪ್ಪನ ಕಾಲದಿಂದ ಒಂದೇ ಪದ್ಧತಿ. ಹಾಡು ಮುಗಿದ ಮೇಲೆ ಟೇಪನ್ನ ಹಾಗೇ ಎತ್ತಿಡ್ತೀವಿ. ಕೇಳೋವಾಗಷ್ಟೇ ಹಿಂದಕ್ಕೆ ಸುತ್ತೋದು. ನಾನೂ ಎಂಜಿನಿಯರೂ ನಿದ್ದೆಗಣ್ಣಲ್ಲೂ ಮಾಡ್ತೀವಿ."

"ಗಿಟಾರಿಸ್ಟ್?"

"ಅವರು ಸ್ಟಾರು ಕಣಮ್ಮ. ಯಂತ್ರದ ಕೋಣೆ ಅವರಿಗ್ಯಾಕೆ?"

ಚಿಕ್ಕಮ್ಮ ಎಲ್ಲರನ್ನೂ ಅದೇ ಕೋಣೆಯಲ್ಲಿ ಕೂರಿಸಿ, ಎಂಜಿನಿಯರ್ ಕೈಯಲ್ಲಿ ಟೇಪನ್ನು ಪೂರ್ತಿ ಹಿಂದಕ್ಕೆ ಸುತ್ತಿಸಿದಳು. ಅವನು ಗುಂಡಿ ಒತ್ತಿದ.

"ಒಂದು, ಎರಡು, ಮೂರು!" ಎಳೆಯ ಹೆಣ್ಣುದನಿ, ಅದರ ಬೆನ್ನಿಗೇ ಡ್ರಮ್ಸ್. ಅಕ್ಕ ಕೈಯಿಂದ ಬಾಯಿ ಮುಚ್ಚಿಕೊಂಡರು. ಹಾಡು ಜೋರಾಗಿ ಸಾಗಿ, ಕೊನೆಯ ಸಾಲಿನ ನಡುವೆ ಕತ್ತು ಹಿಸುಕಿದಂತೆ ನಿಂತಿತು. ಆಮೇಲೆ ಬರೀ ಸುಂಯ್.

"ಸುತ್ತದೆ ಇಟ್ಟ ಟೇಪಲ್ಲಿ ಹೊರಗಿರೋದು ಹಾಡಿನ ಕೊನೆ. ಒರೆಸಿದವರು ಅದೇ ಶುರು ಅಂದ್ಕೊಂಡ್ರು," ಎಂದಳು ಚಿಕ್ಕಮ್ಮ. "ಮಾಲೀಕರೋ ಎಂಜಿನಿಯರೋ ಆಗಿದ್ರೆ ಹಿಂದಕ್ಕೆ ಸುತ್ತಿ ಎಣಿಕೆಯನ್ನೇ ಅಳಿಸ್ತಿದ್ರು." ಅವಳು ಗಿಟಾರಿಸ್ಟನತ್ತ ತಿರುಗಿದಳು. "ನೀವು ಹಾಡಿನ ಕೊನೆ ಅಳಿಸಿದ್ರಿ. ಇವತ್ತೂ ಸುತ್ತದೆ ಅದನ್ನೇ ಕೇಳಿಸಿದ್ರಿ."

ಅವನ ಮುಖ ಕೆಂಪಾಯಿತು. "ಹುಡುಗಿ ಡ್ರಮ್ಸ್ ಬಾರಿಸಿದ್ಲು ಅಂದಿದ್ರೆ ಯಾರು ಕೇಳ್ತಿದ್ರು?"

"ಕೇಳಿದ್ರಲ್ಲ, ಊರೆಲ್ಲಾ!" ಎಂದುಬಿಟ್ಟೆ, ಹೊರಗಿನವರೆದುರು ಬಾಯಿ ಬಿಡದ ನಾನು.

ಮಾಲೀಕ ಗಂಟಲು ಸರಿಮಾಡಿಕೊಂಡ. "ಆಯ್ತು, ಫಲಕದ ಕೆಳಗೆ ಇವರದೂ ಒಂದು ಸಣ್ಣ ಸಾಲು ಸೇರಿಸೋಣ."

"ಸೇರಿಸೋದಲ್ಲ," ಡ್ರಮ್ಮರ್ ಅಕ್ಕ ಎದ್ದರು. "ಸ್ಕ್ರೂಡ್ರೈವರ್ ಕೊಡಿ."

ಎಂಜಿನಿಯರ್ ತೆಗೆದುಕೊಟ್ಟ. ಅಕ್ಕ ಮೊದಲ ಸ್ಕ್ರೂ ತಿರುಗಿಸತೊಡಗಿದರು. ಬೀಳದಿರಲೆಂದು ನಾನು ಫಲಕ ಹಿಡಿದುಕೊಂಡೆ.

"ಬೀಳಲಿ ಬಿಡೇ," ಎಂದರು ಅಕ್ಕ.